ಶಾಖ ತಾಳುವ ಎಪಾಕ್ಸಿ: ಒಂದು ಅಂಕಿಯ ಮೇಲಿನ ಅತಿನಂಬಿಕೆ

ಒಮ್ಮೆ ಗಟ್ಟಿಯಾದ ಎಪಾಕ್ಸಿ ರಾಳ ಬಿಸಿಗೆ ಮೇಣದಂತೆ ಕರಗುವುದಿಲ್ಲ, ಮೆತ್ತಗಾಗುತ್ತದೆ. ಕೋಣೆಯ ತಾಪದಲ್ಲಿ ಗಾಜಿನಂತೆ ಬಿರುಸಾಗಿದ್ದದ್ದು ಒಂದು ಮಟ್ಟ ದಾಟಿದ ಮೇಲೆ ರಬ್ಬರಿನ ಗುಣಕ್ಕೆ ತಿರುಗುತ್ತದೆ. ಅದರ ಬಿಗಿತ ನೂರರಲ್ಲಿ ಒಂದೆರಡು ಪಾಲಿಗೆ ಇಳಿಯುತ್ತದೆ. ತಣಿಸಿದರೆ ಮತ್ತೆ ಬಿರುಸಾಗುತ್ತದೆ. ಈ ತಿರುವಿನ ತಾಪಮಾನಕ್ಕೆ ಪಠ್ಯಪುಸ್ತಕದಲ್ಲಿ ಗಾಜು-ಸಂಕ್ರಮಣ ತಾಪಮಾನ ಎಂದು ಹೆಸರು. ಪ್ರಯೋಗಾಲಯದಲ್ಲಿಯೂ ಕಾರ್ಖಾನೆಯಲ್ಲಿಯೂ ಎಲ್ಲರ ಬಾಯಲ್ಲಿ ಅದು ಟಿಜಿ. ಶಾಖ ತಾಳುವ ರಾಳ ಬೇಕೆಂದು ಹೊರಟವರು ಮೊದಲು ಹುಡುಕುವುದು, ಬಹಳಷ್ಟು ಮಂದಿ ಕೊನೆಗೂ ನೋಡುವುದು ಈ ಒಂದೇ ಅಂಕಿಯನ್ನು. ಆಯ್ಕೆ ತಪ್ಪುವುದೂ ಹೆಚ್ಚಾಗಿ ಅಲ್ಲಿಯೇ.

ನಾರು, ರಾಳ ಸೇರಿದ ಕಾಂಪೋಸಿಟ್‌ನಲ್ಲಿ ರಾಳದ ಕೆಲಸ ಏನು ಎಂಬುದು ಸ್ಪಷ್ಟವಾದರೆ ಟಿಜಿಗೆ ಯಾಕಿಷ್ಟು ಬೆಲೆ ಎಂಬುದೂ ತಿಳಿಯುತ್ತದೆ. ಇಲ್ಲಿ ಮಾತಾಡುವ ಶಾಖಕ್ಕೆ ಕಾರ್ಬನ್ ನಾರಾಗಲಿ ಗಾಜಿನ ನಾರಾಗಲಿ ಜಗ್ಗುವುದಿಲ್ಲ. ನಾರಿನ ಉದ್ದಕ್ಕೆ ಎಳೆದರೆ ಭಾರವನ್ನು ನಾರೇ ಹೊರುತ್ತದೆ, ರಾಳ ಸ್ವಲ್ಪ ಸಡಿಲವಾದರೂ ನಡೆದೀತು. ಒತ್ತಿದಾಗ ಕಥೆ ಬೇರೆ. ಸಣ್ಣ ಬಿದಿರು ಕಡ್ಡಿಗಳನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿದರೆ ಆ ಕಟ್ಟು ಭಾರ ಹೊರುತ್ತದೆ. ಹುರಿ ಸಡಿಲಿಸಿದರೆ ಪ್ರತಿ ಕಡ್ಡಿಯೂ ತನ್ನಷ್ಟಕ್ಕೆ ಬಾಗಿ ಮುರಿಯುತ್ತದೆ. ರಾಳವೇ ಆ ಹುರಿ. ಆದ್ದರಿಂದ ವಿಮಾನದ ಭಾಗಗಳ ವಿನ್ಯಾಸದಲ್ಲಿ ಎಲ್ಲಕ್ಕಿಂತ ಕಟುವಾದ ಪರೀಕ್ಷೆ ಎಂದರೆ ತೇವ ಹೀರಿದ ತುಂಡನ್ನು ಬಿಸಿಯಲ್ಲಿಟ್ಟು ಒತ್ತುವುದು. ತಣ್ಣಗಿನ ಒಣ ತುಂಡನ್ನು ಎಳೆದು ಪಡೆದ ಬಲದ ಅಂಕಿ ಎಷ್ಟೇ ದೊಡ್ಡದಿರಲಿ, ಶಾಖದ ಪ್ರಶ್ನೆಗೆ ಅದು ಉತ್ತರವಲ್ಲ.

ಟಿಜಿ ಒಂದು ಬಿಂದುವಲ್ಲ, ಒಂದು ಇಳಿಜಾರು. ಪಟ್ಟಿಯೊಂದನ್ನು ನಿಧಾನವಾಗಿ ಬಿಸಿಮಾಡುತ್ತ, ಅದನ್ನು ಲಯಬದ್ಧವಾಗಿ ಬಾಗಿಸುತ್ತ, ಬಿಗಿತ ಹೇಗೆ ಬದಲಾಗುತ್ತದೆಂದು ಬರೆದುಕೊಳ್ಳುವ ಡಿಎಂಎ ಯಂತ್ರದಲ್ಲಿ ಈ ಇಳಿಜಾರು ಚೆನ್ನಾಗಿ ಕಾಣುತ್ತದೆ. ಬಿಗಿತ ಕುಸಿಯಲು ತೊಡಗುವ ಜಾಗವನ್ನು ಟಿಜಿ ಎನ್ನಬಹುದು. ಟ್ಯಾನ್ ಡೆಲ್ಟಾ ಎಂಬ ಗೆರೆ ಶಿಖರ ಮುಟ್ಟುವ ಜಾಗವನ್ನೂ ಟಿಜಿ ಎನ್ನಬಹುದು. ಎರಡರ ನಡುವೆ 10ರಿಂದ 20 ಡಿಗ್ರಿ ಸೆಲ್ಸಿಯಸ್ ಅಂತರ ಸಾಮಾನ್ಯ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಭಾಗದ ಮೇಲೆ ಭರವಸೆ ಇಡಬೇಕಾದವರಿಗೆ ಬೇಕಾದದ್ದು ಮೊದಲನೆಯದು, ಏಕೆಂದರೆ ಎರಡನೆಯದು ಬರುವಷ್ಟರಲ್ಲಿ ರಾಳ ಕೈಬಿಟ್ಟಾಗಿರುತ್ತದೆ. ಮಾರಾಟದ ಹಾಳೆಯಲ್ಲಿ ಮಾತ್ರ ಎರಡನೆಯದೇ ಹೆಚ್ಚಾಗಿ ಕಾಣುವುದು. ಅದು ದೊಡ್ಡ ಅಂಕಿ ಎಂಬುದನ್ನು ಬಿಟ್ಟರೆ ಬೇರೆ ಕಾರಣ ಹುಡುಕಬೇಕಿಲ್ಲ.

ಇನ್ನೂ ಸೂಕ್ಷ್ಮವಾದ ಒಂದು ಜಾರಿಕೆ ಇದೆ. ಪೂರ್ತಿ ಗಟ್ಟಿಯಾಗದ, ಅಂದರೆ ಅರೆಬೆಂದ ತುಂಡನ್ನು ಪರೀಕ್ಷಾ ಯಂತ್ರದಲ್ಲಿ 200 ಡಿಗ್ರಿವರೆಗೆ ಕಾಯಿಸಿದರೆ ಪರೀಕ್ಷೆಯೇ ಅದನ್ನು ಬೇಯಿಸಿಬಿಡುತ್ತದೆ. ಅದೇ ತುಂಡನ್ನು ಎರಡನೆಯ ಸಲ ಅಳೆದರೆ ಟಿಜಿ ಗಣನೀಯವಾಗಿ ಮೇಲೇರಿರುತ್ತದೆ. ಎರಡನೆಯ ಅಳತೆ ಆ ರಾಳಕ್ಕೆ ಸಾಧ್ಯವಿರುವ ಗರಿಷ್ಠವನ್ನು ಹೇಳುತ್ತದೆ; ಮೊದಲನೆಯದು ಕೈಯಲ್ಲಿರುವ ಭಾಗದ ನಿಜಸ್ಥಿತಿಯನ್ನು ಹೇಳುತ್ತದೆ. ಎಚ್‌ಡಿಟಿ ಎಂಬ ಇನ್ನೊಂದು ಅಂಕಿಯೂ ಹಾಳೆಗಳಲ್ಲಿ ಓಡಾಡುತ್ತದೆ. ಗೊತ್ತಾದ ಭಾರ ಹೇರಿದ ಸರಳು ಗೊತ್ತಾದಷ್ಟು ಬಾಗುವ ತಾಪ ಅದು, ಭಾರ ಸಾಮಾನ್ಯವಾಗಿ 1.8 ಮೆಗಾಪ್ಯಾಸ್ಕಲ್. ಬರಿಯ ರಾಳಗಳನ್ನು ಪರಸ್ಪರ ಹೋಲಿಸಲು ಅಡ್ಡಿಯಿಲ್ಲ. ಆದರೆ ನಾರು ಸೇರಿಸಿದ ತುಂಡಿನಲ್ಲಿ ನಾರೇ ಬಾಗುವಿಕೆಯನ್ನು ತಡೆಯುವುದರಿಂದ ಎಚ್‌ಡಿಟಿ ಸುಳ್ಳೇ ಉಬ್ಬುತ್ತದೆ. ‘250 ಡಿಗ್ರಿ ತಾಳುತ್ತದೆ’ ಎಂದಷ್ಟೇ ಬರೆದು, ಯಾವ ಪರೀಕ್ಷೆ, ಒಣಗಿಯೋ ತೇವದಲ್ಲೋ, ಎಷ್ಟು ಹೊತ್ತು ಎಂಬುದನ್ನು ಬಿಟ್ಟ ಹಾಳೆಯನ್ನು ಬದಿಗಿಡುವುದೇ ಲೇಸು.

ಟಿಜಿಯನ್ನು ರಾಳದ ಗುಣ ಎನ್ನುವುದೇ ಅರ್ಧ ಸತ್ಯ. ಡಬ್ಬಿಯಲ್ಲಿರುವ ರಾಳಕ್ಕೆ ಆ ಗುಣವಿಲ್ಲ. ರಾಳ, ಅದನ್ನು ಗಟ್ಟಿಗೊಳಿಸುವ ಹಾರ್ಡ್‌ನರ್, ಬೇಯಿಸಿದ ಕ್ರಮ ಮೂರೂ ಸೇರಿದ ಮೇಲೆ ಹುಟ್ಟುವಂಥದ್ದು ಅದು. ರಾಳದ ಅಣುಗಳು ಹಾರ್ಡ್‌ನರ್ ಜತೆ ಹೆಣೆದುಕೊಳ್ಳುತ್ತ ಹೋದಂತೆ ಟಿಜಿ ಏರುತ್ತದೆ. ಏರುತ್ತ ಏರುತ್ತ ಅದು ಸುತ್ತಲಿನ ತಾಪವನ್ನು ಮುಟ್ಟಿ ಸ್ವಲ್ಪ ಮುಂದೆ ಹೋದೊಡನೆ ಮಿಶ್ರಣ ಗಾಜಿನಂತೆ ಹೆಪ್ಪಾಗುತ್ತದೆ. ಅಣುಗಳಿಗೆ ಅಲುಗಾಡಲು ಎಡೆಯಿಲ್ಲದೆ ಹೆಣಿಗೆ ನಡುದಾರಿಯಲ್ಲಿ ನಿಲ್ಲುತ್ತದೆ. ಹಾಗಾಗಿ 25 ಡಿಗ್ರಿಯಲ್ಲಿ ಗಟ್ಟಿಯಾಗಲು ಬಿಟ್ಟ ಎಪಾಕ್ಸಿಯ ಟಿಜಿ, ರಾಳ ಎಷ್ಟೇ ದುಬಾರಿಯಾಗಿರಲಿ, ಸುಮಾರು 50ರಿಂದ 60 ಡಿಗ್ರಿಯ ಆಚೀಚೆ ನಿಂತುಬಿಡುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾನ್ ಗಿಲ್‌ಹ್ಯಾಮ್ ಕಾಲ, ತಾಪ, ಸ್ಥಿತ್ಯಂತರಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸಿ ಇದನ್ನು ತೋರಿಸಿದರು. ಆ ನಕ್ಷೆಯನ್ನು ಅರಿತವರು ‘ಕೋಣೆಯ ತಾಪದಲ್ಲೇ ಗಟ್ಟಿಯಾಗಿ 180 ಡಿಗ್ರಿ ತಾಳುವ ಎಪಾಕ್ಸಿ’ಯನ್ನು ಹುಡುಕಿಕೊಂಡು ಹೋಗುವುದಿಲ್ಲ.

ಇದಕ್ಕೆ ಪರಿಹಾರ ಪೋಸ್ಟ್ ಕ್ಯೂರ್, ಅಂದರೆ ಗಟ್ಟಿಯಾದ ಭಾಗವನ್ನು ಮತ್ತೆ ಒಲೆಗಿಟ್ಟು ಹದಕ್ಕೆ ತರುವುದು. ಇಲ್ಲಿ ಅವಸರ ಕೆಲಸಕ್ಕೆ ಬಾರದು. ಒಲೆಯ ತಾಪ ಯಾವ ಗಳಿಗೆಯಲ್ಲೂ ಭಾಗದ ಟಿಜಿಯನ್ನು ಹಿಂದೆ ಹಾಕಬಾರದು. ಹಾಕಿದರೆ ಭಾಗ ಮೆತ್ತಗಾಗಿ ತನ್ನ ಭಾರಕ್ಕೇ ಬಾಗುತ್ತದೆ. ಗಂಟೆಗೆ 10 ಡಿಗ್ರಿಯಂತೆ ಏರಿಸುತ್ತ, ನಡುನಡುವೆ ತಡೆದು ನಿಲ್ಲಿಸುತ್ತ ಹೋದರೆ ಟಿಜಿ ಸದಾ ಒಲೆಗಿಂತ ಒಂದು ಹೆಜ್ಜೆ ಮುಂದಿರುತ್ತದೆ. ಇದನ್ನು ಮಾಡದೆ ಬಿಟ್ಟ ಭಾಗಕ್ಕೆ ಬೇಸಿಗೆಯ ಬಿಸಿಲೇ ಪೋಸ್ಟ್ ಕ್ಯೂರ್ ಮಾಡುತ್ತದೆ, ತನ್ನದೇ ಕ್ರಮದಲ್ಲಿ. ಕನ್ನಡಿಯಂತೆ ಹೊಳೆಯುತ್ತಿದ್ದ ಕರಿಯ ಕಾರ್ಬನ್ ಬಾನೆಟ್ ಎರಡು ತಿಂಗಳಲ್ಲಿ ಮಂಕಾಗಿ, ನೇಯ್ಗೆಯ ಗೆರೆಗಳು ಮೇಲೆದ್ದು ಕಾಣುವುದು ಇದರಿಂದಲೇ. ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲಿಗೆ ಗಾಳಿಯೇ 40 ಡಿಗ್ರಿ ದಾಟಿದಾಗ ಕಪ್ಪು ಮೈಯ ತಾಪ 80ರ ಸುತ್ತ ಸುಳಿಯುತ್ತದೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಎಲ್‌ವೈ 556 ಎಂಬ ರಾಳ ಮತ್ತು ಎಚ್‌ವೈ 951 ಎಂಬ ಹಾರ್ಡ್‌ನರ್ ಜೋಡಿ ಮನೆಮಾತು. ತೂಕದಲ್ಲಿ ಹತ್ತಕ್ಕೆ ಒಂದು ಬೆರೆಸಿ, ಅಡಿಕೆ ನಾರಿಗೋ ತೆಂಗಿನ ನಾರಿಗೋ ಕತ್ತಾಳೆಗೋ ಸವರಿ, ಒಂದು ದಿನ ಬಿಟ್ಟು ಅಚ್ಚಿನಿಂದ ಬಿಡಿಸಿ ಬಲ ಅಳೆಯುವುದು ರೂಢಿ. ಇಂಥ ಪ್ರಬಂಧಗಳಲ್ಲಿ ನಾರಿನ ಊರು, ಕ್ಷಾರದಲ್ಲಿ ನೆನೆಸಿದ ಗಂಟೆ, ಎಳೆಯ ವ್ಯಾಸ ಎಲ್ಲ ಪುಟಗಟ್ಟಲೆ ಸಿಗುತ್ತವೆ; ರಾಳ ಎಷ್ಟು ಬೆಂದಿತ್ತು ಎಂಬುದಕ್ಕೆ ಒಂದು ಸಾಲು ಸಿಕ್ಕರೆ ಪುಣ್ಯ. ಬೇರೆ ಬೇರೆ ಋತುವಿನಲ್ಲಿ ಎರೆದ ಎರಡು ತುಂಡುಗಳ ವ್ಯತ್ಯಾಸವನ್ನು ನಾರಿನ ಲೆಕ್ಕಕ್ಕೆ ಬರೆದುಬಿಡುವ ಅಪಾಯ ಅಲ್ಲಿ ಸದಾ ಇದೆ. ಇದೇ ಜೋಡಿಯನ್ನು ಹದವಾಗಿ ಪೋಸ್ಟ್ ಕ್ಯೂರ್ ಮಾಡಿದರೆ ಟಿಜಿ 100 ಡಿಗ್ರಿ ದಾಟುತ್ತದೆ. ಹೊಸ ರಾಳಕ್ಕೆ ಹಣ ಹಾಕುವ ಮೊದಲು ಇರುವ ರಾಳವನ್ನು ಪೂರ್ತಿ ಬೇಯಿಸಿ ನೋಡುವುದು ಅಗ್ಗದ ದಾರಿ.

ಮುಂದಿನ ಪ್ರಶ್ನೆ ನೀರಿನದು. ಗರಿಗರಿಯಾಗಿ ಕರಿದ ಹಪ್ಪಳವನ್ನು ಆಷಾಢದಲ್ಲಿ ಅರ್ಧ ಗಂಟೆ ತೆರೆದಿಟ್ಟರೆ ಅದು ಮೆತ್ತಗಾಗುತ್ತದೆ. ಹಪ್ಪಳದ ತಾಪ ಬದಲಾಗಿಲ್ಲ. ತೇವ ಹೀರಿದ ಹಿಟ್ಟಿನ ಟಿಜಿ ಕೋಣೆಯ ತಾಪಕ್ಕಿಂತ ಕೆಳಗೆ ಇಳಿದಿದೆ, ಅಷ್ಟೆ. ಎಪಾಕ್ಸಿಯಲ್ಲೂ ಇದೇ ನಡೆಯುತ್ತದೆ, ನಿಧಾನವಾಗಿ, ವಾರ ತಿಂಗಳುಗಳ ಲೆಕ್ಕದಲ್ಲಿ. ಹೆಣಿಗೆ ನಡೆದಾಗ ಹುಟ್ಟುವ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಸ್ಥೂಲವಾಗಿ, ರಾಳ ತನ್ನ ತೂಕದ ಶೇ. 1ರಷ್ಟು ನೀರು ಕುಡಿದರೆ ಟಿಜಿ 20 ಡಿಗ್ರಿಯ ಆಸುಪಾಸಿನಲ್ಲಿ ಇಳಿಯುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಹೆಚ್ಚು ಶಾಖ ತಾಳುತ್ತವೆಂದು ಹೆಸರಾದ ರಾಳಗಳೇ ಹೆಚ್ಚು ನೀರು ಕುಡಿಯುತ್ತವೆ ಎಂಬುದು ಈ ಕ್ಷೇತ್ರದ ದೊಡ್ಡ ವ್ಯಂಗ್ಯ. ನಾಲ್ಕು ಎಪಾಕ್ಸಿ ಕೈಗಳಿರುವ ಟಿಜಿಡಿಡಿಎಂ ರಾಳವನ್ನು ಡಿಡಿಎಸ್ ಹಾರ್ಡ್‌ನರ್ ಜತೆ ಬೇಯಿಸಿದರೆ ಒಣ ಟಿಜಿ 240 ಡಿಗ್ರಿ ದಾಟುತ್ತದೆ. ಆದರೆ ನೀರಿನಲ್ಲಿ ನೆನೆಸಿಟ್ಟರೆ ಆ ರಾಳ ಶೇ. 5ಕ್ಕೂ ಹೆಚ್ಚು ನೀರು ಹೀರಬಲ್ಲದು. ಸಾಮಾನ್ಯ ಎಪಾಕ್ಸಿ ಹೀರುವುದು ಅದರ ಅರ್ಧದಷ್ಟು.

ಹೆಕ್ಸೆಲ್ ಕಂಪನಿಯ 8552 ಎಂಬ ಎಪಾಕ್ಸಿ ವಿಮಾನ ಕಟ್ಟುವವರಿಗೆ ಚಿರಪರಿಚಿತ. ನಾರಿಗೆ ಮೊದಲೇ ರಾಳ ಸವರಿ ಶೀತಲಪೆಟ್ಟಿಗೆಯಲ್ಲಿ ಕಾಪಿಟ್ಟ ಪ್ರಿಪ್ರೆಗ್ ರೂಪದಲ್ಲಿ ಅದು ಬರುತ್ತದೆ, 180 ಡಿಗ್ರಿಯಲ್ಲಿ ಬೇಯುತ್ತದೆ. ಅದರ ಒಣ ಟಿಜಿ 200 ಡಿಗ್ರಿ. ತೇವ ಹೀರಿದ ಮೇಲಿನ ಟಿಜಿ 154. ಕಂಪನಿ ಸ್ವತಃ ಹೇಳುವ ಬಳಕೆಯ ಮಿತಿ 121. ಮೊದಲ ಅಂಕಿಗೂ ಕೊನೆಯದಕ್ಕೂ ಸುಮಾರು 80 ಡಿಗ್ರಿ ಅಂತರ. ಇದು ಅತಿ ಎಚ್ಚರವೇನಲ್ಲ. ಕಾಂಪೋಸಿಟ್ ವಿನ್ಯಾಸಕಾರರ ಕೈಪಿಡಿಯಲ್ಲಿ ಎಪಾಕ್ಸಿಗೆ ಒಂದು ಹಳೆಯ ಸೂತ್ರವಿದೆ: ತೇವದ ಟಿಜಿಯಿಂದ 28 ಡಿಗ್ರಿ, ಅಂದರೆ 50 ಡಿಗ್ರಿ ಫ್ಯಾರನ್‌ಹೀಟ್, ಕಳೆದರೆ ಬಳಕೆಯ ಮಿತಿ ಸಿಗುತ್ತದೆ. 154ರಲ್ಲಿ 28 ಕಳೆದರೆ 126. ಕಂಪನಿಯ ಮಿತಿ ಅದರ ಒಳಗೇ ಇದೆ. ಇಂಥ ಮೂರು ಅಂಕಿಗಳನ್ನು ಬಿಚ್ಚಿಟ್ಟ ಹಾಳೆ ಪ್ರಾಮಾಣಿಕ ಹಾಳೆ. ಒಣ ಟಿಜಿಯನ್ನಷ್ಟೇ ಕೊಟ್ಟು ಸುಮ್ಮನಾದ ಹಾಳೆಯ ಅಂಕಿಯಿಂದ ಮನಸ್ಸಿನಲ್ಲೇ 70, 80 ಕಳೆದು ನೋಡುವುದು ಲೇಸು. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ನಿಲ್ಲುವ ಭಾಗಕ್ಕೆ ಒಣ ಸ್ಥಿತಿ ಎಂಬುದು ಅದು ಒಲೆಯಿಂದ ಹೊರಬಂದ ದಿನದ ನೆನಪು ಮಾತ್ರ.

ರಾಳಗಳ ಹೆಸರಿಗಿಂತ ಹಾರ್ಡ್‌ನರ್‌ಗಳ ಹೆಸರು ಹೆಚ್ಚು ಹೇಳುತ್ತದೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅರಾಲ್ಡೈಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಕಾಲದಿಂದ ಇಂದಿನವರೆಗೂ ಎಪಾಕ್ಸಿಯ ಬಹುಪಾಲು ಬಿಸ್‌ಫೀನಾಲ್-ಎ ಆಧಾರದ ಒಂದೇ ರಾಳ. ಅದೇ ರಾಳಕ್ಕೆ ಮೃದುವಾದ ಪಾಲಿಈಥರ್ ಅಮೀನ್ ಬೆರೆಸಿದರೆ ಪೂರ್ತಿ ಬೆಂದ ಮೇಲೂ ಟಿಜಿ 90ರ ಸುತ್ತ ನಿಲ್ಲುತ್ತದೆ. ಐಸೊಫೊರೋನ್ ಡೈಅಮೀನ್ ಎಂಬ ಉಂಗುರರಚನೆಯ ಅಮೀನ್ ಬೆರೆಸಿದರೆ 150ರ ಮೇಲೆ ಹೋಗುತ್ತದೆ. ಡಿಡಿಎಸ್ ಬೆರೆಸಿದರೆ 200 ದಾಟುತ್ತದೆ. ಗಂಟು ಗಂಟಿನ ನಡುವಿನ ಕೊಂಡಿ ಉದ್ದವಾಗಿ ಬಳುಕುವಂತಿದ್ದರೆ ಹೆಣಿಗೆ ಬೇಗ ಸಡಿಲುತ್ತದೆ, ಗಿಡ್ಡವಾಗಿ ಬಿರುಸಾಗಿದ್ದರೆ ತಡೆಯುತ್ತದೆ. ಗಂಟುಗಳನ್ನೇ ಹೆಚ್ಚಿಸುವುದು ಇನ್ನೊಂದು ದಾರಿ: ನೊವೊಲಾಕ್ ರಾಳಗಳು, ಮೂರು ಕೈಗಳ ಅಮಿನೊಫೀನಾಲ್ ರಾಳ, ಮೇಲೆ ಹೇಳಿದ ನಾಲ್ಕು ಕೈಗಳ ಟಿಜಿಡಿಡಿಎಂ ಆ ಸಾಲಿಗೆ ಸೇರಿದವು. ರಾಳ ಸಲೀಸಾಗಿ ಹರಿಯಲೆಂದು ಬೆರೆಸುವ ತೆಳುಕಾರಕಗಳು ಇದಕ್ಕೆ ತದ್ವಿರುದ್ಧ. ಅವು ಗಂಟುಗಳನ್ನು ಕಡಿಮೆ ಮಾಡಿ, ಎಷ್ಟು ಬೆರೆಸಿದರೋ ಅಷ್ಟು ಟಿಜಿಯನ್ನು ಸದ್ದಿಲ್ಲದೆ ಕೊಂಡೊಯ್ಯುತ್ತವೆ.

ಡಿಡಿಎಸ್ ಸೇರಿರುವ ಆರೊಮ್ಯಾಟಿಕ್, ಅಂದರೆ ಸುವಾಸಿತ, ಅಮೀನ್‌ಗಳ ಚರಿತ್ರೆ ಸುಗಂಧದ್ದಲ್ಲ. ಡಿಡಿಎಂ, ಅಂದರೆ ಡೈಅಮಿನೊಡೈಫಿನೈಲ್‌ಮೀಥೇನ್, ಸುಮಾರು 90 ಡಿಗ್ರಿಯಲ್ಲಿ ಕರಗುವ, ಬೆರೆಸಲು ಸುಲಭವಾದ, ಒಳ್ಳೆಯ ಟಿಜಿ ಕೊಡುವ ಹಾರ್ಡ್‌ನರ್; ಬಹುಕಾಲ ಕೆಲಸಗಾರರ ಮೆಚ್ಚಿನದು. 1965ರಲ್ಲಿ ಇಂಗ್ಲೆಂಡಿನ ಎಪ್ಪಿಂಗ್ ಪಟ್ಟಣದಲ್ಲಿ 84 ಜನಕ್ಕೆ ಏಕಾಏಕಿ ಕಾಮಾಲೆ ಹಿಡಿಯಿತು. ಅವರೆಲ್ಲ ತಿಂದದ್ದು ಒಂದೇ ಹಿಟ್ಟಿನ ಬ್ರೆಡ್ಡು; ಆ ಹಿಟ್ಟು ಸಾಗುವಾಗ ವ್ಯಾನಿನಲ್ಲಿ ಚೆಲ್ಲಿದ್ದ ಡಿಡಿಎಂ ಅದಕ್ಕೆ ಸೇರಿತ್ತು. ಯಕೃತ್ತಿಗೆ ಹಾನಿ ಮಾಡುವ, ಕ್ಯಾನ್ಸರ್ ತರಬಹುದೆಂಬ ಶಂಕೆಯೂ ಇರುವ ಈ ವಸ್ತುವಿನ ಬಳಕೆಗೆ ಯುರೋಪಿನಲ್ಲಿ ಈಗ ವಿಶೇಷ ಅನುಮತಿ ಬೇಕು. ಡಿಡಿಎಸ್‌ನ ಕಥೆ ಇನ್ನೊಂದು ಬಗೆ. ಡೈಅಮಿನೊಡೈಫಿನೈಲ್ ಸಲ್ಫೋನ್ ಎಂಬ ಆ ಅಣುವಿಗೆ ಔಷಧಶಾಸ್ತ್ರದಲ್ಲಿ ಡ್ಯಾಪ್ಸೋನ್ ಎಂದು ಹೆಸರು. ಕುಷ್ಠರೋಗಕ್ಕೆ ಭಾರತದಲ್ಲಿ ದಶಕಗಳಿಂದ ನುಂಗಿಸುತ್ತ ಬಂದ ಮಾತ್ರೆ ಮತ್ತು ವಿಮಾನದ ರೆಕ್ಕೆಯನ್ನು ಬಿಗಿಯುವ ಹಾರ್ಡ್‌ನರ್ ಒಂದೇ ವಸ್ತು. ಔಷಧವೆಂದ ಮಾತ್ರಕ್ಕೆ ಅದರ ಪುಡಿಯನ್ನು ಮೂಗಿಗೆಳೆದುಕೊಳ್ಳಬಹುದೆಂದಲ್ಲ. ಹೆಚ್ಚಾದರೆ ಅದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ಡಿಡಿಎಸ್‌ನ ಇನ್ನೊಂದು ತೊಡಕು, ಅದು ಕರಗುವುದು 175 ಡಿಗ್ರಿಯ ಮೇಲೆ. ಸಣ್ಣ ಕಾರ್ಯಾಗಾರದ ಬಕೆಟ್ಟಿನಲ್ಲಿ ಕೈಯಿಂದ ಬೆರೆಸುವ ವಸ್ತು ಇದಲ್ಲ. ಅಲ್ಲಿಗೆ ಹೊಂದುವುದು ಡಿಇಟಿಡಿಎಯಂಥ ದ್ರವರೂಪದ ಸುವಾಸಿತ ಅಮೀನ್‌ಗಳು.

ಅನ್‌ಹೈಡ್ರೈಡ್ ಹಾರ್ಡ್‌ನರ್‌ಗಳದು ಬೇರೆ ಕುಲ. ತೆಳುವಾಗಿ ಹರಿಯುತ್ತವೆ, ಬೆರೆಸಿದ ಮೇಲೂ ಗಂಟೆಗಟ್ಟಲೆ ಗಟ್ಟಿಯಾಗುವುದಿಲ್ಲ. ಆದ್ದರಿಂದ ನಾರನ್ನು ಸುತ್ತಿ ಕೊಳವೆ ಮಾಡುವವರಿಗೂ ಎಳೆದು ಸರಳು ಮಾಡುವವರಿಗೂ ಅಚ್ಚುಮೆಚ್ಚು. ವಿದ್ಯುತ್ ಪ್ರಸರಣದ ಎಸಿಸಿಸಿ ತಂತಿಯ ಒಡಲಲ್ಲಿ ಉಕ್ಕಿನ ಬದಲು ಹೀಗೆ ಎಳೆದು ಮಾಡಿದ ಕಾರ್ಬನ್ ಮತ್ತು ಗಾಜಿನ ನಾರಿನ ಎಪಾಕ್ಸಿ ಸರಳಿದೆ, ತಂತಿಯನ್ನು 180 ಡಿಗ್ರಿವರೆಗೆ ನಿರಂತರ ಓಡಿಸಬಹುದು. ಅಲ್ಲಿ ಸರಳು ಬರಿಯ ಎಳೆತವನ್ನು ಹೊರುತ್ತದೆ, ಸುತ್ತ ಅಲ್ಯೂಮಿನಿಯಂ ಹೊದಿಕೆ ಇದೆ. ಅದನ್ನು ತೋರಿಸಿ ‘ಎಪಾಕ್ಸಿ 180 ತಾಳುತ್ತದೆ’ ಎಂದು ಒತ್ತಡ ಹೊರುವ ಕಂಬಕ್ಕೆ ಒಪ್ಪಿಸುವುದು ತಪ್ಪು. ಅನ್‌ಹೈಡ್ರೈಡ್‌ನ ದೌರ್ಬಲ್ಯ ಗಾಳಿಯ ತೇವ. ಡಬ್ಬಿ ತೆರೆದಿಟ್ಟರೆ ಆಮ್ಲವಾಗಿ ತಿರುಗಿ ಹಾರ್ಡ್‌ನರ್ ಕೆಡುತ್ತದೆ. ಡೈಸಯಾಂಡೈಅಮೈಡ್ ಬೆರೆಸಿದ, 120 ಡಿಗ್ರಿಯಲ್ಲಿ ಬೇಯುವ ಪ್ರಿಪ್ರೆಗ್‌ಗಳು ನಡುದಾರಿಯವು. ಬೈಸಿಕಲ್ಲು, ಕ್ರೀಡಾ ಸಾಮಗ್ರಿ, ಕಾರಿನ ಹೊರಮೈಗೆ ಅಷ್ಟು ಸಾಕು.

ಅಳತೆಯ ಬಗ್ಗೆ ಒಂದು ಮಾತು. ಎಪಾಕ್ಸಿಯಲ್ಲಿ ಹಾರ್ಡ್‌ನರ್ ಹೆಣಿಗೆಯ ಅರ್ಧಭಾಗ, ವೇಗವರ್ಧಕವಲ್ಲ. ರಾಳದ ಎಪಾಕ್ಸಿ ತುಲ್ಯತೂಕ 188 ಇದ್ದು, ಡಿಡಿಎಸ್‌ನ ಪ್ರತಿ ಸಕ್ರಿಯ ಹೈಡ್ರೋಜನ್‌ನ ಪಾಲಿಗೆ 62 ಬಂದರೆ, ನೂರು ಭಾಗ ರಾಳಕ್ಕೆ ಬೇಕಾದದ್ದು 33 ಭಾಗ. ಪಾಲಿಯೆಸ್ಟರ್ ರಾಳದಲ್ಲಿ ಫೈಬರ್ ಗ್ಲಾಸ್ ಕೆಲಸ ಮಾಡಿ ಬಂದ ಕೈಗೆ ಬೇರೆಯೇ ಅಭ್ಯಾಸ ಇರುತ್ತದೆ: ಚಳಿ ಇದ್ದರೆ ನಾಲ್ಕು ಹನಿ ಹೆಚ್ಚು, ಸೆಕೆ ಇದ್ದರೆ ಎರಡು ಹನಿ ಕಡಿಮೆ. ಅಲ್ಲಿ ಅದು ಸರಿ. ಎಪಾಕ್ಸಿಗೆ ಅದೇ ಕೈಚಳಕ ತೋರಿಸಿದರೆ ಜೋಡಿ ಸಿಗದ ಅಮೀನ್ ಒಳಗೇ ಉಳಿದು ಟಿಜಿಯನ್ನು ಇಳಿಸುತ್ತದೆ, ನೀರನ್ನೂ ಕರೆಯುತ್ತದೆ. ಬೇಗ ಗಟ್ಟಿಯಾಗಬೇಕಾದರೆ ಬೇರೆ ಹಾರ್ಡ್‌ನರ್ ಕೊಳ್ಳಬೇಕು, ಇದ್ದದ್ದನ್ನೇ ಹೆಚ್ಚು ಸುರಿಯಬಾರದು. ಒಂದು ಗ್ರಾಂ ತೋರಿಸುವ ತಕ್ಕಡಿಗೆ ತಗಲುವ ಹಣ, ದುಬಾರಿ ರಾಳದ ಒಂದು ಡಬ್ಬಿಗಿಂತ ಕಡಿಮೆ.

ಶಾಖ ತಾಳಿಕೆಗೆ ತೆರುವ ಬೆಲೆಯಲ್ಲಿ ರೂಪಾಯಿ ಒಂದು ಭಾಗ ಮಾತ್ರ. ದೊಡ್ಡ ಬೆಲೆ ಭಿದುರತೆ. ಗಂಟುಗಳು ದಟ್ಟವಾದಷ್ಟೂ ರಾಳ ಬಳುಕಲಾರದು, ಬಿರುಕನ್ನು ತಡೆಯಲಾರದು. ಇದರ ಜತೆಗೆ ತಣಿಯುವಾಗ ಹುಟ್ಟುವ ಒಳಬಿಗಿತವನ್ನು ಲೆಕ್ಕ ಹಾಕಿ ನೋಡಬೇಕು. ಎಪಾಕ್ಸಿ ಪ್ರತಿ ಡಿಗ್ರಿಗೆ ಹತ್ತು ಲಕ್ಷಕ್ಕೆ ಸುಮಾರು 55 ಭಾಗ ಕುಗ್ಗುತ್ತದೆ. ಕಾರ್ಬನ್ ನಾರು ತನ್ನ ಉದ್ದಕ್ಕೆ ಕುಗ್ಗುವುದೇ ಇಲ್ಲ ಎನ್ನಬಹುದು. 180 ಡಿಗ್ರಿಯಲ್ಲಿ ಬೆಂದ ಭಾಗ 25ಕ್ಕೆ ಇಳಿದಾಗ ರಾಳ ಶೇ. 0.85ರಷ್ಟು ಕುಗ್ಗಬಯಸುತ್ತದೆ, ನಾರು ಬಿಡುವುದಿಲ್ಲ. ಮುರಿಯುವ ಮುನ್ನ ಶೇ. 2ರಷ್ಟೂ ಹಿಗ್ಗಲಾರದ ಭಿದುರ ರಾಳ, ಭಾರ ಬೀಳುವ ಮೊದಲೇ ತನ್ನ ತಾಳ್ಮೆಯ ಅರ್ಧದಷ್ಟನ್ನು ಖರ್ಚು ಮಾಡಿಕೊಂಡಿರುತ್ತದೆ. ಅಡ್ಡ ಪದರಗಳಲ್ಲಿ ಕೂದಲೆಳೆಯಂಥ ಬಿರುಕುಗಳು, ಒಂದು ಸ್ಪಾನರ್ ಬಿದ್ದರೆ ಹೊರಗೆ ಕಾಣದಂತೆ ಒಳಗೆ ಬಿಟ್ಟುಕೊಳ್ಳುವ ಪದರಗಳು ಮೊದಲ ತಲೆಮಾರಿನ ಟಿಜಿಡಿಡಿಎಂ ರಾಳಗಳ ಅಪಖ್ಯಾತಿ. ದ್ರವ ರಬ್ಬರ್ ಬೆರೆಸಿದರೆ ಬಿರುಕು ತಡೆಯುವ ಗುಣ ಬರುತ್ತದೆ, ಆದರೆ ಅದರ ಒಂದಷ್ಟು ರಾಳದಲ್ಲೇ ಕರಗಿ ಉಳಿದು ಟಿಜಿ ಇಳಿಯುತ್ತದೆ. ಪಾಲಿಈಥರ್‌ಸಲ್ಫೋನ್‌ನಂಥ, ಸ್ವತಃ ಶಾಖ ತಾಳುವ ಥರ್ಮೋಪ್ಲಾಸ್ಟಿಕ್ ಬೆರೆಸುವುದು ಹೆಚ್ಚು ಜಾಣ ದಾರಿ. ಇಂದಿನ ವಿಮಾನದ ಎಪಾಕ್ಸಿಗಳು ಒಣ ಟಿಜಿಯಲ್ಲಿ ಹಳೆಯವಕ್ಕಿಂತ ಹಿಂದಿದ್ದರೂ ಸಿದ್ಧ ಭಾಗದ ಗುಣದಲ್ಲಿ ಮುಂದಿರುವುದು ಇದರಿಂದ.

ಅಚ್ಚಿನ ಪಾಡನ್ನು ಆಯ್ಕೆಯ ದಿನವೇ ನೆನೆಯುವವರು ಕಡಿಮೆ. 180 ಡಿಗ್ರಿಯಲ್ಲಿ ಬೇಯುವ ರಾಳಕ್ಕೆ 180 ಡಿಗ್ರಿ ತಾಳುವ ಅಚ್ಚು ಬೇಕು, ನಿರ್ವಾತದ ಚೀಲ ಬೇಕು, ಅದನ್ನು ಅಂಟಿಸುವ ಟೇಪ್ ಬೇಕು. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಅಚ್ಚು ಅಷ್ಟು ಬಿಸಿಗೆ ಸುಮಾರು ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ, ಅದರ ಮೇಲಿನ ಕಾರ್ಬನ್ ಭಾಗ ಬೆಳೆಯುವುದಿಲ್ಲ. ಇನ್ವಾರ್ ಉಕ್ಕಿನ ಅಚ್ಚು ಈ ತಕರಾರು ಮಾಡದು, ಅದರ ಬೆಲೆ ಮಾತ್ರ ತಕರಾರು. ಅದಕ್ಕಾಗಿಯೇ ಸಣ್ಣ ಪ್ರಮಾಣದ ಕೆಲಸಕ್ಕೆ 60ರಿಂದ 80 ಡಿಗ್ರಿಯಲ್ಲಿ ಅಚ್ಚಿನೊಳಗೆ ಗಟ್ಟಿಯಾಗಿ, ಬಿಡಿಸಿದ ಮೇಲೆ ಒಲೆಯಲ್ಲಿ ಸ್ವತಂತ್ರವಾಗಿ ಹದಕ್ಕೆ ಬರುವ ರಾಳಗಳೇ ವಾಸಿ.

ಹಾಗಾಗಿ ಆಯ್ಕೆ ಶುರುವಾಗಬೇಕಾದದ್ದು ಭಾಗದ ತಾಪವನ್ನು ಅಳೆಯುವುದರಿಂದ. ಸೈಲೆನ್ಸರ್ ಪಕ್ಕದ ಮುಚ್ಚಳ ಎಂದೊಡನೆ 300 ಡಿಗ್ರಿಯ ರಾಳ ಹುಡುಕುವವರಿದ್ದಾರೆ; ಅರ್ಧ ಇಂಚು ಗಾಳಿಸಂದಿ ಬಿಟ್ಟು, ಒಳಮೈಗೆ ಹೊಳಪಿನ ಹಾಳೆ ಅಂಟಿಸಿ, ತಾಪಕ್ಕೆ ಬಣ್ಣ ಬದಲಿಸುವ ಪಟ್ಟಿ ಹಚ್ಚಿ ಒಂದು ಸುತ್ತು ಓಡಿಸಿದರೆ ಅಲ್ಲಿ ಬೇಕಾದದ್ದು ಎಷ್ಟೋ ಕಡಿಮೆ ಎಂದು ಕಾಣಬಹುದು. ಗ್ಲೈಡರ್ ವಿಮಾನಗಳು ಇಂಥ ವಿವೇಕಕ್ಕೆ ಹಳೆಯ ಉದಾಹರಣೆ. ಕೈಯಿಂದ ಸವರಿ, ಸೌಮ್ಯ ಶಾಖದಲ್ಲಿ ಹದಗೊಳಿಸಿದ ಎಪಾಕ್ಸಿಯಿಂದಲೇ ಅವು ಬಹುಕಾಲ ತಯಾರಾದವು. ರಚನೆಯ ಬಲವನ್ನು 54 ಡಿಗ್ರಿಯವರೆಗೆ ಖಾತರಿಪಡಿಸುವುದು ವಾಡಿಕೆ. ಆ ಮಿತಿ ದಾಟದಿರಲು ಕಂಡುಕೊಂಡ ಉಪಾಯ ಹೊಸ ರಸಾಯನವಲ್ಲ, ಬಿಳಿ ಬಣ್ಣ. ಚಿತ್ರದುರ್ಗದ ಗುಡ್ಡಗಳ ಮೇಲೂ ಗದಗದ ಕಪ್ಪತಗುಡ್ಡದಲ್ಲೂ ತಿರುಗುವ ಗಾಳಿಯಂತ್ರಗಳ ತಿಳಿಬಣ್ಣದ ರೆಕ್ಕೆಗಳದೂ ಇದೇ ಲೆಕ್ಕಾಚಾರ. ಗಾಳಿಯಂತ್ರದ ರೆಕ್ಕೆಗೆ ಬಳಸುವ ಎಪಾಕ್ಸಿಯ ಟಿಜಿ ಸಾಮಾನ್ಯವಾಗಿ 70, 80ರ ಮೇಲಿನದಷ್ಟೇ; ಹತ್ತಾರು ಮೀಟರ್ ಉದ್ದದ ಅಚ್ಚನ್ನು 180ಕ್ಕೆ ಕಾಯಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ತಾಪದ ಮೇಲಿನ ಅಂಚಿನಲ್ಲಿ ಇನ್ನೆರಡು ಗೊಂದಲಗಳನ್ನು ಬಿಡಿಸಬೇಕು. ಶಾಖ ತಾಳುವುದು ಬೇರೆ, ಬೆಂಕಿ ತಾಳುವುದು ಬೇರೆ. ಟಿಜಿ 220 ಇರುವ ಎಪಾಕ್ಸಿಯೂ ಹೊತ್ತಿಕೊಂಡು ಉರಿಯುತ್ತದೆ. ರಾಳ 350 ಡಿಗ್ರಿಯಲ್ಲಿ ತೂಕ ಕಳೆದುಕೊಳ್ಳತೊಡಗುತ್ತದೆ ಎಂಬ ಪರೀಕ್ಷೆಯ ಫಲವನ್ನು ಬಳಕೆಯ ತಾಪವೆಂದು ಓದುವುದೂ ತಪ್ಪು. ಅದು ನಿಮಿಷಗಳ ಪರೀಕ್ಷೆ, ಭಾಗದ ಆಯುಸ್ಸು ಸಾವಿರಾರು ಗಂಟೆ. 150 ಡಿಗ್ರಿಗೂ ಮೇಲೆ ದೀರ್ಘಕಾಲ ಇಟ್ಟ ಎಪಾಕ್ಸಿ ಟಿಜಿಯ ಕೆಳಗಿದ್ದರೂ ಗಾಳಿಯ ಆಮ್ಲಜನಕಕ್ಕೆ ಮೇಲ್ಮೈಯಿಂದ ಕಂದಾಗುತ್ತ, ಕುಗ್ಗುತ್ತ, ಬಿರುಕುಬಿಡುತ್ತ ಒಳಕ್ಕೆ ಸವೆಯುತ್ತದೆ. ಈ ಸವೆತಕ್ಕೆ ಟಿಜಿ ಯಾವ ಸುಳಿವೂ ಕೊಡುವುದಿಲ್ಲ.

ಅಲ್ಲಿಗೆ ಎಪಾಕ್ಸಿಯ ಸರಹದ್ದು ಮುಗಿಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ತೇಜಸ್ ಯುದ್ಧವಿಮಾನದ ಎಂಜಿನ್ ಕೊಠಡಿಯ ಬಾಗಿಲನ್ನು ಎಪಾಕ್ಸಿಯಲ್ಲಿ ಮಾಡದೆ ಬಿಸ್‌ಮ್ಯಾಲಿಮೈಡ್ ರಾಳಕ್ಕೆ ಹೋದದ್ದು ಸರಿಯಾದ ಜಾಗದಲ್ಲಿ ಗೆರೆ ಎಳೆದದ್ದಕ್ಕೆ ಉದಾಹರಣೆ. ಅದೇ ವಿಮಾನದ ಉಳಿದ ಬಹುತೇಕ ಕಾರ್ಬನ್ ಭಾಗಗಳಿಗೆ ಎಪಾಕ್ಸಿ ಸಾಕಾಗಿದೆ. ಎಂಜಿನ್ನಿನ ಬಿಸಿ ತಾಕುವ ಕಡೆ ಮಾತ್ರ ದುಬಾರಿಯ, ಬೇಯಿಸಲು ಇನ್ನಷ್ಟು ಶಾಖ ಬೇಡುವ ರಾಳ. ತೇವದಿಂದ ಅಳತೆ ಕೆಡಬಾರದ ಉಪಗ್ರಹದ ಭಾಗಗಳಿಗೆ ನೀರು ಕಡಿಮೆ ಹೀರುವ ಸಯನೇಟ್ ಎಸ್ಟರ್ ಇದೆ. ಇನ್ನೂ ಮೇಲೆ, 288 ಡಿಗ್ರಿಯವರೆಗೆ, 1970ರ ದಶಕದಲ್ಲಿ ನಾಸಾ ರೂಪಿಸಿದ ಪಿಎಂಆರ್-15 ಎಂಬ ಪಾಲಿಇಮೈಡ್ ಜೆಟ್ ಎಂಜಿನ್‌ಗಳ ಹೊರಭಾಗಗಳಲ್ಲಿ ನೆಲೆಯೂರಿತು. ಅದರ ಮೂರು ಮೂಲವಸ್ತುಗಳಲ್ಲಿ ಒಂದು ಎಪ್ಪಿಂಗ್‌ನ ಬ್ರೆಡ್ಡಿಗೆ ಬಿದ್ದ ಅದೇ ಡಿಡಿಎಂ. ಅದನ್ನು ಬಿಟ್ಟು ಅಷ್ಟೇ ಶಾಖ ತಾಳುವ ರಾಳ ಕಟ್ಟುವ ಕೆಲಸಕ್ಕೆ ನಾಸಾದವರೇ ಮತ್ತೆ ಕೈಹಾಕಬೇಕಾಯಿತು.